ನಮ್ಮ ಗಾಡಿಯ ಇಸಿಎಂ ಬದಲಾಯಿಸಿದ್ದು

ಗಂಡ ಮಾತಾಡುವುದಿಲ್ಲ ಎನ್ನುವುದು ದೂರೋ ಹೊಗಳಿಕೆಯೋ ಎಂದು ನನಗೆ ಇವತ್ತಿಗೂ ತೀರ್ಮಾನಿಸಲು ಆಗಿಲ್ಲ. ನನ್ನ ವಾರಗಿತ್ತಿ ಮಾತ್ರ ಕಂಡಾಗಲೆಲ್ಲ, "ನೀನು ಪುಣ್ಯವಂತೆ ಕಣಕ್ಕ, ನಿಮ್ಮೋರು ಬಾಯೇ ಬುಡಕಿಲ್ಲ" ಎಂದು ಹೊಟ್ಟೆ ಉರಿದುಕೊಳ್ಳುತ್ತಾಳೆ. ಅವಳ ಗಂಡ, ಅಂದರೆ ನನ್ನ ಮೈದುನ, ಸಾರಿಗೆ ಉಪ್ಪು ಹೆಚ್ಚಾದರೆ ಅದನ್ನು ಬೀದಿಯವರೆಲ್ಲ ಕೂತು ತೀರ್ಮಾನಿಸಬೇಕಾದ ವಿಷಯವೆಂದು ತಿಳಿದವನು. ಒಂದೇ ಹೊಟ್ಟೆಯಲ್ಲಿ ಹುಟ್ಟಿದ ಅಣ್ಣತಮ್ಮಂದಿರಿಗೆ ಮಾತನ್ನು ಹಂಚುವಾಗ ದೇವರು ಪಾಲುಪಾರೀಕತ್ತಿನಲ್ಲಿ ಏನೋ ಎಡವಟ್ಟು ಮಾಡಿದ್ದಾನೆ. ತಮ್ಮನಿಗೆ ಪೂರ್ತಿ ನಿಘಂಟು ಬಂತು, ನಮ್ಮ ಯಜಮಾನರ ಪಾಲಿಗೆ 'ಹೂಂ' ಒಂದು ಬಂತು. ಅದನ್ನೇ ಅವರು ಜೋಪಾನವಾಗಿ ಬಳಸುತ್ತಾರೆ. ಊಟಕ್ಕೆ ಬನ್ನಿ ಅಂದರೆ ಗಿಡ್ಡದೊಂದು ಹೂಂ, ತಲೆನೋವಾ ಎಂದು ಕೇಳಿದರೆ ಮೂಗಿನಿಂದ ಬರುವ ಹೂಂ, ನಿಮ್ಮ ತಂಗಿ ಬರ್ತಾಳಂತೆ ಅಂದರೆ ಕೊನೆಗೆ ಸ್ವಲ್ಪ ಮೇಲೇಳುವ ಹೂಂ. ಹೊಸಬರಿಗೆ ಇವೆಲ್ಲ ಒಂದೇ ಥರ ಕೇಳಿಸುತ್ತವೆ. ಮದುವೆಯಾಗಿ ಮಗಳಿಗೆ ಮದುವೆ ಮಾಡಿ ಅವಳಿಗೊಂದು ಕೂಸಾಗುವ ತನಕ ಅದನ್ನೇ ಕೇಳುತ್ತ ಬಂದ ನನಗೆ ಒಂದೊಂದರ ಅರ್ಥವೂ ಗೊತ್ತು. ಗೊತ್ತು ಎಂದೇ ತಿಳಿದಿದ್ದೆ.

ಕೃಷ್ಣರಾಜನಗರದಲ್ಲಿ ನಮ್ಮದೊಂದು ಶಾಮಿಯಾನದ ಅಂಗಡಿ. ಶಾಮಿಯಾನ, ಕುರ್ಚಿ, ಅಡುಗೆ ಪಾತ್ರೆ, ವರ ಕೂರುವ ಸಿಂಹಾಸನ, ಎಲ್ಲ ಬಾಡಿಗೆಗೆ ಕೊಡುತ್ತೇವೆ. ಈ ಕಡೆ ಪಿರಿಯಾಪಟ್ಟಣ, ಆ ಕಡೆ ಕೋಟೆ ತಾಲ್ಲೂಕು, ನಡುವೆ ಹುಣಸೂರು, ಎಲ್ಲಿ ಶುಭಕಾರ್ಯವಾದರೂ ನಮ್ಮ ಹಂಡೆ ಹೋಗುತ್ತದೆ. ಹಂಡೆಯ ಜೊತೆಗೆ ನಾನೂ ಹೋಗುತ್ತೇನೆ. ಮೊದಮೊದಲು ನಾನು ಹೋಗುತ್ತಿರಲಿಲ್ಲ. ಆದರೆ ವಾಪಸು ತರುವಾಗ ಯಜಮಾನರು, "ಸೌಟು ಕಮ್ಮಿ ಅವೆ" ಎಂದು ಹೇಳಬೇಕಾದ ಕಡೆ ಹೇಳದೆ ಹೂಂ ಎಂದು ಬಂದುಬಿಡುತ್ತಿದ್ದರು. ಮದುವೆ ಮನೆಯಲ್ಲಿ ಸೌಟು ಎಲ್ಲಿ ಮಾಯವಾಗುತ್ತದೆಂದು ಈ ತನಕ ಯಾರೂ ಕಂಡುಹಿಡಿದಿಲ್ಲ. ಹೆಣ್ಣಿನ ಕಡೆಯವರು ಗಂಡಿನ ಕಡೆಯವರ ಮೇಲೂ, ಗಂಡಿನ ಕಡೆಯವರು ಅಡುಗೆಯವರ ಮೇಲೂ ಹಾಕುತ್ತಾರೆ. ಅಂಥ ಕಡೆ ಸೆರಗು ಸೊಂಟಕ್ಕೆ ಸಿಕ್ಕಿಸಿ ನಿಲ್ಲುವ ಒಬ್ಬರು ಬೇಕು. ಹಾಗೆ ನಾನು ಗಾಡಿ ಹತ್ತಿದೆ.

ನಮ್ಮ ಗಾಡಿ ಅಂದರೆ ಮಗಳು ಹೈಸ್ಕೂಲಿಗೆ ಸೇರಿದ ವರ್ಷ ತಂದ ಮಧ್ಯಮ ಗಾತ್ರದ ಲಾರಿ. ಆಗ ಅದು ಹೊಸ ಮಾದರಿ, ಎಂಜಿನ್ನಿಗೆ ಕಂಪ್ಯೂಟರು ಅಂತ ಮಾರಿದವರು ಹೇಳಿದ್ದರು. ಡ್ಯಾಶ್‌ಬೋರ್ಡಿನಲ್ಲಿ ಟಿವಿಯಂಥದ್ದೇನಾದರೂ ಇರಬಹುದೆಂದು ನಾನು ಇಣುಕಿ ನೋಡಿ ನಿರಾಶಳಾಗಿದ್ದೆ. ಈಗ ಅದರ ಬಾಗಿಲು ಹಾಕಿದರೂ ಹಾಕಿದಂತಲ್ಲ. ಎಂಜಿನ್ ಕೂಗು ಕಾಲಡಿಯಿಂದಲೇ ಬರುತ್ತದೆ, ಹಿಂದೆ ಹಂಡೆಗಳು ಒಂದಕ್ಕೊಂದು ಢಿಕ್ಕಿ ಹೊಡೆಯುತ್ತಿರುತ್ತವೆ. ಆದರೂ ನನ್ನ ಸಂಸಾರದ ಮಾತೆಲ್ಲ ನಡೆದದ್ದು ಅದರೊಳಗೇ. ಮನೆಯಲ್ಲಿ ಪುರುಸೊತ್ತೆಲ್ಲಿ? ಬಾಗಿಲಿಗೇ ಅಂಗಡಿ, ಫೋನು ಇಟ್ಟರೆ ಇನ್ನೊಂದು ಫೋನು, ಬಂದು ಹೋಗುವವರಿಗೆ ಕಾಫಿ. ಗಾಡಿ ಹತ್ತಿ ಕೂತರೆ ಅವರು ಎಲ್ಲಿಗೂ ಎದ್ದು ಹೋಗುವಂತಿಲ್ಲ. ಹಾಗಾಗಿ ಮಗಳಿಗೆ ಗಂಡು ನೋಡುವುದರಿಂದ ಹಿಡಿದು ನನ್ನ ಮಂಡಿನೋವಿನ ತನಕ, ಅತ್ತೆ ಬದುಕಿದ್ದಾಗ ಅಂದದ್ದರಿಂದ ಹಿಡಿದು ಅಂದಿರಬಹುದಾದದ್ದರ ತನಕ ಎಲ್ಲವನ್ನೂ ನಾನು ಅಲ್ಲೇ ಹೇಳಿದ್ದೇನೆ. ಅವರು ಸ್ಟಿಯರಿಂಗ್ ಹಿಡಿದು ರಸ್ತೆ ನೋಡುತ್ತ ಹೂಂ ಅನ್ನುತ್ತ ಬಂದಿದ್ದಾರೆ.

ಹೀಗೆ ನಡೆದುಕೊಂಡು ಹೋಗುತ್ತಿದ್ದಾಗ ಕಳೆದ ಬೇಸಿಗೆಯಲ್ಲಿ ಒಂದು ಮಧ್ಯಾಹ್ನ, ಪಿರಿಯಾಪಟ್ಟಣದ ಹತ್ತಿರ ಒಂದು ಗೃಹಪ್ರವೇಶ ಮುಗಿಸಿಕೊಂಡು ಬರುವಾಗ, ಹುಣಸೂರು ಇನ್ನೂ ದೂರವಿರುವಂತೆಯೇ ಗಾಡಿ ಸುಮ್ಮನಾಯಿತು. ಕೆಮ್ಮಲಿಲ್ಲ, ಜಗ್ಗಲಿಲ್ಲ, ಹೊಗೆ ಬಿಡಲಿಲ್ಲ. ಎಂಜಿನ್ ಆಫ್ ಆಗಿ, ಡ್ಯಾಶ್‌ಬೋರ್ಡಿನಲ್ಲಿ ಹಳದಿ ದೀಪವೊಂದು ಹತ್ತಿಕೊಂಡು, ಗಾಡಿ ತನ್ನ ಪಾಡಿಗೆ ಉರುಳಿ ಒಂದು ಹೊಂಗೆ ಮರದ ಕೆಳಗೆ ನಿಂತಿತು. ಆ ಗಳಿಗೆಯಲ್ಲಿ ನಾನು ಏನು ಹೇಳುತ್ತಿದ್ದೆ ಎಂಬುದು ಚೆನ್ನಾಗಿ ನೆನಪಿದೆ. ಹೆಣ್ಣು ನೋಡಲು ನಮ್ಮ ಮನೆಗೆ ಬಂದ ದಿನ ನೀವು ಉಪ್ಪಿಟ್ಟನ್ನು ಮುಟ್ಟಲೂ ಇಲ್ಲ, ನಮ್ಮಪ್ಪನಿಗೆ ಎಷ್ಟು ಬೇಜಾರಾಗಿತ್ತು ಗೊತ್ತಾ, ಅನ್ನುತ್ತಿದ್ದೆ. ಇದನ್ನು ನಾನು ಪ್ರತಿ ಗೃಹಪ್ರವೇಶದ ಉಪ್ಪಿಟ್ಟು ತಿಂದ ಮೇಲೂ ಹೇಳುತ್ತೇನೆ. ಯಜಮಾನರು ಕೀ ತಿರುಗಿಸಿ ನೋಡಿದರು. ಇಳಿದು ಮುಂದಿನ ಮುಚ್ಚಳ ಎತ್ತಿ ನೋಡಿದರು. ಮತ್ತೆ ಹತ್ತಿ ಕೂತು, ಟವೆಲಿನಿಂದ ಕುತ್ತಿಗೆ ಒರೆಸಿಕೊಂಡು, "ಅವತ್ತು ನಂಗೆ ಅಲ್ಲು ನೋವಿತ್ತು" ಅಂದರು.

ನನಗೆ ಮೊದಲು ಅರ್ಥವಾಗಲಿಲ್ಲ. "ಯಾವತ್ತು?" ಅಂದೆ.

"ಎಣ್ಣು ನೋಡಕ್ಕೆ ಬಂದಾಗ. ದವಡೆ ಊದ್ಕೊಂಡಿತ್ತು. ಎಡಗಡೆ. ಅದ್ಕೇ ನಾನು ಎಡಗಡೆ ಮಕ ಮಾಡ್ಕಂಡು ಕೂತಿದ್ದೆ. ಬಾಯಿ ಬುಟ್ರೆ ಊತ ಕಾಣ್ತದೆ, ಗಂಡು ಐಬು ಅಂದ್ಕತಾರೆ ಅಂತ ನಮ್ಮವ್ವ ಮಾತಾಡ್ಬ್ಯಾಡ ಅಂದಿದ್ಲು."

ಇಷ್ಟು ವರ್ಷ ನಾನು ಅವರನ್ನು ಗಂಭೀರ ಸ್ವಭಾವದವರೆಂದು ಒಪ್ಪಿಕೊಂಡು ಮದುವೆಯಾದೆನೆಂದು ತಿಳಿದಿದ್ದೆ. ಅದು ಹುಳುಕು ಹಲ್ಲು. ನಕ್ಕು ನಕ್ಕು ನನ್ನ ಕಣ್ಣಲ್ಲಿ ನೀರು ಬಂತು. ಅವರಿಗೂ ನಗು ಬಂತು. ಆಮೇಲೆ ಆ ಹಲ್ಲನ್ನು ಯಾರು ಕಿತ್ತರು, ಕೀಳುವಾಗ ಏನಾಯಿತು, ಮದುವೆಯ ಧಾರೆಯ ಹೊತ್ತಿಗೆ ಆ ಜಾಗದಲ್ಲಿ ಹತ್ತಿ ಇಟ್ಟುಕೊಂಡೇ ಕೂತಿದ್ದದ್ದು, ಎಲ್ಲ ಹೇಳಿದರು. ಹೊಂಗೆಯ ನೆರಳು ಅತ್ತ ಸರಿಯುವ ತನಕ ಹೇಳಿದರು. ಆಮೇಲೆ ಸುಮ್ಮನೆ ನೋಡೋಣವೆಂದು ಕೀ ತಿರುಗಿಸಿದರೆ ಗಾಡಿ ಏನೂ ಆಗದಂತೆ ಹೊರಟಿತು. ಅವರ ಬಾಯಿ ಮುಚ್ಚಿಕೊಂಡಿತು.

ಅಲ್ಲಿಂದ ಇದೊಂದು ಪದ್ಧತಿಯೇ ಆಯಿತು. ಗಾಡಿ ಚೆನ್ನಾಗಿ ಬಿಸಿಯಾದರೆ ನಿಲ್ಲುವುದು, ಆರಿದರೆ ಹೊರಡುವುದು. ನಿಂತಾಗಲೆಲ್ಲ ಯಜಮಾನರು ಮಾತಾಡುವುದು. ಕಟ್ಟೆಮಳಲವಾಡಿಯ ಹತ್ತಿರ ನಿಂತಾಗ, ಮಗಳನ್ನು ಕೋಟೆ ಹತ್ತಿರ ಹ್ಯಾಂಡ್‌ಪೋಸ್ಟ್ ಎಂಬ ಊರಿನ ಅವಳ ಗಂಡನ ಮನೆಗೆ ಬಿಟ್ಟು ಬಂದ ದಿನ ತಾನು ಗಾಡಿಯ ಹಿಂದಿನ ಟೈರಿಗೆ ಗಾಳಿ ಇದೆಯೋ ಇಲ್ಲವೋ ನೋಡುತ್ತೇನೆಂದು ಹೋದದ್ದು ಗಾಳಿ ನೋಡುವುದಕ್ಕಲ್ಲ ಎಂದು ಹೇಳಿದರು. ಅವತ್ತು ನಾನು ಕ್ಯಾಬಿನ್ನಿನಲ್ಲಿ ಒಬ್ಬಳೇ ಅಳುತ್ತ, ಈ ಮನುಷ್ಯನಿಗೆ ಮಗಳಿಗಿಂತ ಟೈರು ಹೆಚ್ಚಾಯಿತೇ ಎಂದು ಶಪಿಸಿದ್ದೆ. ಚುಂಚನಕಟ್ಟೆಯ ತಿರುವಿನಲ್ಲಿ ನಿಂತಾಗ, ನನ್ನ ಕೈಯ ಮೊಸೊಪ್ಪಿಗಿಂತ ತಮ್ಮ ಅವ್ವನ ಮೊಸೊಪ್ಪು ರುಚಿ ಎಂದು ಮದುವೆಯಾದ ಹೊಸದರಲ್ಲಿ ಒಮ್ಮೆ ಅಂದದ್ದು ಸುಳ್ಳೆಂದೂ, ಅವ್ವ ಪಕ್ಕದಲ್ಲೇ ನಿಂತಿದ್ದಳೆಂದೂ ಹೇಳಿದರು. ನಾನು ಮನೆಯಿಂದ ಹೊರಡುವಾಗ ಒಂದು ಡಬ್ಬಿ ಕಡ್ಲೆಪುರಿ ಕಟ್ಟಿಕೊಳ್ಳತೊಡಗಿದೆ. ಗಾಡಿ ಕೆಡಲಿ ಎಂದು ಕಾಯುವ ಹೆಂಗಸು ಈ ಜಿಲ್ಲೆಯಲ್ಲಿ ನಾನೊಬ್ಬಳೇ ಇರಬೇಕು. ಹೇಳಲು ನಾಚಿಕೆಯಾಗುತ್ತದೆ, ಆದರೂ ಹೇಳುತ್ತೇನೆ, ಆ ಬೇಸಿಗೆಯಲ್ಲಿ ನನಗೆ ಹೊಸದಾಗಿ ಮದುವೆಯಾದಂತೆ ಇತ್ತು.

ಯಜಮಾನರಿಗೆ ಮಾತ್ರ ಗಾಡಿಯ ಚಿಂತೆ. ಹುಣಸೂರಿನಲ್ಲಿ ಇಲಿಯಾಸ್ ಭಾಯ್ ಎಂಬ ಆಟೋ ಎಲೆಕ್ಟ್ರಿಷಿಯನ್ ಇದ್ದಾರೆ. ನಮ್ಮ ಗಾಡಿಯ ಒಂದು ಬಲ್ಬು ಹೋದರೂ ಅವರೇ ಆಗಬೇಕು. ತಮ್ಮ ಕೆಲಸದ ಬಗ್ಗೆ ಭಾರಿ ಅಭಿಮಾನ, ಅಷ್ಟೇ ಅವಸರ. ಕಾಯಿಲೆ ಏನೆಂದು ಹೇಳಿ ಮುಗಿಸುವ ಮೊದಲೇ ಔಷಧ ಕೊಟ್ಟಾಗಿರುತ್ತದೆ. ಮೊದಲು ರಿಲೇ ಅಂದರು, ಬದಲಾಯಿಸಿದರು, ಗಾಡಿ ನಿಂತಿತು. ಸೆನ್ಸರ್ ಅಂದರು, ಬದಲಾಯಿಸಿದರು, ನಿಂತಿತು. ವೈರಿಂಗನ್ನು ಇಲಿ ಕಡಿದಿದೆ ಅಂದರು. ನಮ್ಮ ಗಾಡಿಯಲ್ಲಿ ಇಲಿ ಇರುವುದು ನಿಜವಾದ್ದರಿಂದ ಅದನ್ನು ಎಲ್ಲರೂ ನಂಬಿದೆವು. ಅದೂ ಅಲ್ಲ. ಕೊನೆಗೊಂದು ದಿನ ಗಾಡಿಯನ್ನು ಅವರ ಶೆಡ್ಡಿನಲ್ಲಿ ಬಿಟ್ಟು ಬಸ್ಸಿನಲ್ಲಿ ಬಂದೆವು. ಅಲ್ಲಿಂದ ಅವರ ಫೋನು ಬಂದಾಗ ನಾವು ಊರಿನ ಬಸ್ ನಿಲ್ದಾಣದ ಎದುರಿನ ಟೀ ಅಂಗಡಿಯಲ್ಲಿದ್ದೆವು. ಯಜಮಾನರಿಗೆ ಫೋನನ್ನು ಕಿವಿಗೆ ಹಿಡಿಯುವ ಅಭ್ಯಾಸವಿಲ್ಲ, ಸ್ಪೀಕರಿಗೆ ಹಾಕಿ ಅಂಗೈ ಮೇಲೆ ಆರತಿ ತಟ್ಟೆಯಂತೆ ಹಿಡಿದುಕೊಳ್ಳುತ್ತಾರೆ. ಇಲಿಯಾಸ್ ಭಾಯ್ ಗಂಟಲೂ ದೊಡ್ಡದು.

"ಗೌಡ್ರೇ, ಪಕ್ಕಾ ಆಯ್ತು. ಇಸಿಎಂ ಹೋಗ್ಬುಟ್ಟದೆ" ಅಂದರು.

ಅಂಗಡಿಯಲ್ಲಿದ್ದವರ ಗ್ಲಾಸುಗಳು ಅರ್ಧದಲ್ಲೇ ನಿಂತವು. "ಈ ಸಿಎಂ ಓದ್ರಾ?" ಎಂದು ಪಂಚೆಯುಟ್ಟ ಒಬ್ಬರು ಎದ್ದೇ ನಿಂತರು.

ಯಜಮಾನರು ಹೂಂ ಅಂದರು. ಅವರು ಅಂದದ್ದು ಫೋನಿಗೆ.

"ಇನ್ನು ಇದನ್ನ ಇಟ್ಕಂಡ್ರೆ ಪ್ರಯೋಜನ ಇಲ್ಲ. ಬಿಸಿ ಆಯ್ತಿದ್ದಂಗೆ ಕೈ ಎತ್ಬುಡ್ತದೆ. ಬದ್ಲಾಯಿಸ್ಬೇಕು" ಅಂತು ಫೋನು.

"ಅಂಗನ್ನಿ ಮತ್ತೆ. ನಾನು ಯಾವತ್ತೋ ಏಳಿದ್ದೆ" ಎಂದು ಇನ್ನೊಬ್ಬರು ಬೆಂಚು ತಟ್ಟಿದರು. ಪಂಚೆಯವರಿಗೆ ಕೋಪ ಬಂತು. "ಬದ್ಲಾಯಿಸಕ್ಕೆ ಇವನ್ಯಾವನ್ರೀ?"

"ಇಲ್ಲಿ ಆಗಲ್ಲ ಗೌಡ್ರೇ, ಡೆಲ್ಲಿಯಿಂದಾನೇ ಬರ್ಬೇಕು" ಅಂತು ಫೋನು.

ಇಷ್ಟಾದ ಮೇಲೆ ಯಾರಿಗೂ ಅನುಮಾನ ಉಳಿಯಲಿಲ್ಲ. ಡೆಲ್ಲಿಯಿಂದ ಬರಬೇಕು ಎಂದಾಗ ಪರವಾಗಿದ್ದವರೂ ವಿರೋಧವಾಗಿದ್ದವರೂ ಒಟ್ಟಿಗೆ ತಲೆಯಾಡಿಸಿದರು. ಹೊಸದು ಸಿಗುವುದಿಲ್ಲ, ಬೇರೆ ಕಡೆ ಬಳಸಿ ಬಿಟ್ಟದ್ದನ್ನೇ ತಂದು ಕೂರಿಸಬೇಕು, ಕೂರಿಸಿದ ಮೇಲೆ ನಮ್ಮ ಗಾಡಿಗೆ ಹೊಂದುವ ಹಾಗೆ ಪಾಠ ಹೇಳಿಕೊಡಬೇಕು ಎಂದು ಇಲಿಯಾಸ್ ಭಾಯ್ ಹೇಳಿದ್ದನ್ನೂ ಜನ ಗಂಭೀರವಾಗಿ ಚರ್ಚಿಸಿದರು. ನಾನು ಎದ್ದು, ಅಪ್ಪಾ, ಇದು ನಮ್ಮ ಲಾರಿಯ ಎಂಜಿನ್ನನ್ನು ನಡೆಸುವ ಕಂಪ್ಯೂಟರು, ಅದಕ್ಕೆ ಇಸಿಎಂ ಅಂತ ಹೆಸರು, ಎಂದು ಬಿಡಿಸಿ ಹೇಳಿದೆ. ಒಬ್ಬರೂ ಕೇಳುವ ಸ್ಥಿತಿಯಲ್ಲಿರಲಿಲ್ಲ. ನಾವು ಮನೆ ಸೇರುವಷ್ಟರಲ್ಲಿ ಮೈದುನ ಬಂದು, "ಅತ್ಗೆ, ಸುದ್ದಿ ಕೇಳಿದ್ರಾ?" ಅಂದ.

ನನಗೆ ಆ ಸುದ್ದಿಗಿಂತ ಈ ಸುದ್ದಿಯ ಸಂಕಟವೇ ಹೆಚ್ಚಾಗಿತ್ತು. ಕಂಪ್ಯೂಟರು ಬದಲಾದರೆ ಗಾಡಿ ನಿಲ್ಲುವುದಿಲ್ಲ. ಗಾಡಿ ನಿಲ್ಲದಿದ್ದರೆ ಯಜಮಾನರು ಬಾಯಿ ಬಿಡುವುದಿಲ್ಲ. ಇದನ್ನು ಯಾರಿಗೆ ಹೇಳುವುದು? ಹೇಳಿದರೆ ನಗುತ್ತಾರೆ. ಅದಕ್ಕೇ ನನಗೆ ತಿಳಿದ ಉಪಾಯ ಹೂಡಿದೆ. "ಆಷಾಢ ಬರ್ತಾ ಇದೆ, ಹೊಸ ವಸ್ತು ಮನೆಗೆ ತರಬಾರದು" ಅಂದೆ. ಯಜಮಾನರು, "ಅದು ಒಸದಲ್ಲ, ಸೆಕೆಂಡ್ ಹ್ಯಾಂಡು" ಅಂದರು. ಇಂಥ ಕಡೆ ಮಾತ್ರ ಅವರಿಗೆ ಮಾತು ಬರುತ್ತದೆ. ಅಲ್ಲದೆ ಆಷಾಢದಲ್ಲಿ ಮದುವೆಗಳಿಲ್ಲದೆ ಗಾಡಿಗೆ ಕೆಲಸವಿರುವುದಿಲ್ಲ, ರಿಪೇರಿಗೆ ಅದೇ ಸರಿಯಾದ ಕಾಲ. ಆದರೂ ನಾನು ಅಮಾವಾಸ್ಯೆ, ಅಷ್ಟಮಿ, ನನ್ನ ಎಡಗಣ್ಣು ಅದುರಿದ್ದು, ಎಲ್ಲವನ್ನೂ ಮುಂದಿಟ್ಟೆ. ಎಡಗಣ್ಣು ಹೆಂಗಸರಿಗೆ ಶುಭ ಎಂದು ವಾರಗಿತ್ತಿ ನಡುವೆ ಬಾಯಿ ಹಾಕಿ ಅದನ್ನೂ ಕೆಡಿಸಿದಳು.

ಯಾವುದೂ ತೀರ್ಮಾನವಾಗದೆ ಗಾಡಿಯನ್ನು ಶೆಡ್ಡಿನಿಂದ ಹಾಗೇ ವಾಪಸು ತಂದು ಓಡಿಸುತ್ತಿದ್ದೆವು. ನನ್ನ ಆಟ ಮುಗಿದದ್ದು ಹ್ಯಾಂಡ್‌ಪೋಸ್ಟಿನ ಕಡೆಯ ಒಂದು ಬೀಗರೂಟದ ದಿನ. ಮದುವೆಗೆ ತಡವಾದರೆ ಜನ ಕ್ಷಮಿಸುತ್ತಾರೆ, ತಾಳಿ ಕಟ್ಟಲು ಮುಹೂರ್ತ ಸ್ವಲ್ಪ ಹಿಂದೆಮುಂದೆ ಮಾಡುವ ಪುರೋಹಿತರಿದ್ದಾರೆ. ಬೀಗರೂಟ ಹಾಗಲ್ಲ. ಗಂಡಿನ ಕಡೆಯವರು ಬಸ್ಸು ಮಾಡಿಕೊಂಡು ಹಸಿದು ಬಂದಿರುತ್ತಾರೆ, ಬಾಡೂಟವಲ್ಲದೆ ಬೇರೆ ಯೋಚನೆ ಯಾರ ತಲೆಯಲ್ಲೂ ಇರುವುದಿಲ್ಲ. ಅವತ್ತು ನಮ್ಮ ಗಾಡಿ ಕೋಟೆ ರಸ್ತೆಯಲ್ಲಿ ನಿಂತಿತು. ಬಿಸಿಲು ಜೋರಿದ್ದದ್ದರಿಂದ ಬಹಳ ಹೊತ್ತು ಆರಲೇ ಇಲ್ಲ. ಯಜಮಾನರೂ ಅವತ್ತು ಮಾತಾಡಲಿಲ್ಲ, ಸುಮ್ಮನೆ ಮುಚ್ಚಳ ಎತ್ತಿ ಒಳಗೆ ಬಾಳೆಎಲೆಯಿಂದ ಗಾಳಿ ಬೀಸುತ್ತಿದ್ದರು. ನಾವು ತಲುಪಿದಾಗ ಕತ್ತರಿಸಿದ ಮಾಂಸ ರಾಶಿ ಬಿದ್ದಿತ್ತು, ಒಲೆ ಉರಿಯುತ್ತಿತ್ತು, ಹಂಡೆ ಇರಲಿಲ್ಲ. ಹೆಣ್ಣಿನ ತಂದೆ ನಮ್ಮನ್ನು ಬಯ್ಯಲಿಲ್ಲ. ಯಜಮಾನರ ಕೈ ಹಿಡಿದುಕೊಂಡು, "ನನ್ ಮಗಳು ಇನ್ಮ್ಯಾಕೆ ಅವ್ರ ಮನೇಲಿ ಬಾಳ್ಬೇಕು ಕಣ್ರೀ" ಎಂದಷ್ಟೇ ಹೇಳಿದ. ನಮಗೂ ಮಗಳಿದ್ದಾಳೆ, ಅದೇ ಊರಿಗೆ ಕೊಟ್ಟಿದ್ದೇವೆ. ನನ್ನ ಕಡ್ಲೆಪುರಿ ಡಬ್ಬಿ ನನಗೇ ಅಸಹ್ಯವೆನಿಸಿತು. ಊಟ ಹೇಗೋ ಆಯಿತು, ಗಂಡಿನ ಕಡೆಯವರು ಎಲೆ ಮುಂದೆ ಮುಖ ಗಂಟಿಕ್ಕಿಕೊಂಡೇ ಉಂಡರು. ಬರುವ ದಾರಿಯಲ್ಲಿ ನಾನೇ, "ಡೆಲ್ಲಿಯಿಂದ ತರಿಸಿಬಿಡಿ" ಅಂದೆ.

ಡೆಲ್ಲಿಯಿಂದ ಬಂದದ್ದು ಸಣ್ಣದೊಂದು ಅಲ್ಯೂಮಿನಿಯಂ ಪೆಟ್ಟಿಗೆ, ನನ್ನ ಸಾಂಬಾರ ಡಬ್ಬಿಗಿಂತ ಚಿಕ್ಕದು. ಹಳೆಯದನ್ನು ಬಿಚ್ಚಿ ಇದನ್ನು ಕೂರಿಸಲು ಬಹಳ ಹೊತ್ತು ಹಿಡಿಯಲಿಲ್ಲ, ಪಾಠ ಹೇಳಿಕೊಡುವುದಕ್ಕೇ ಹೊತ್ತು ಹಿಡಿಯಿತು. ಇಲಿಯಾಸ್ ಭಾಯ್ ಲ್ಯಾಪ್‌ಟಾಪ್ ತೊಡೆಯ ಮೇಲಿಟ್ಟುಕೊಂಡು, ವೈರು ಚುಚ್ಚಿ, ಕೀ ಹಾಕಿ, ಕೀ ತೆಗೆದು, ಬಿಸ್ಮಿಲ್ಲಾ ಅಂದು ಒಂದು ಬಟನ್ ಒತ್ತಿದರು. "ಇದು ಯಾವ್ದೋ ಹರಿಯಾಣದ ಗಾಡೀದು ಅಮ್ಮಾ. ಅದ್ರ ಯಾದ್ ಎಲ್ಲ ತೆಗ್ದು ನಿಮ್ ಗಾಡಿ ಯಾದ್ ತುಂಬಿಸ್ತಾ ಇವ್ನಿ" ಅಂದರು. ನಮ್ಮ ಗಾಡಿಯ ನೆನಪು ಅಂದರೆ ಏನೇನು ಎಂದು ಕೇಳಿದೆ. ಎಷ್ಟು ಡೀಸೆಲ್ ಬಿಡಬೇಕು, ಯಾವಾಗ ಬಿಡಬೇಕು, ಕೀ ಯಾವುದು, ಅಷ್ಟೇ ಅಂದರು. ಹೊಂಗೆ ಮರದ ಕೆಳಗೆ ನಿಂತದ್ದು ಅದರಲ್ಲಿ ಇರುತ್ತದೆಯೇ ಎಂದು ಕೇಳಲು ಬಾಯಿ ಬರಲಿಲ್ಲ. ಕೀ ತಿರುಗಿಸಿದರು. ಗಾಡಿ ಹೊಸ ಸೊಸೆಯ ಹಾಗೆ ಒಂದೇ ಕರೆಗೆ ಎದ್ದಿತು. ಯಜಮಾನರ ಮುಖ ನೋಡಿದೆ. ಅವರು ಇಲಿಯಾಸ್ ಭಾಯ್ ಕೈ ಹಿಡಿದು ಕುಲುಕಿದರು. ಸಂತೋಷ ಅಂತಲೇ ನನಗೂ ಅನ್ನಿಸಿತು, ಎದೆಯೊಳಗೆ ಮಾತ್ರ ಭಣಭಣ.

ಶ್ರಾವಣದಲ್ಲಿ ಮತ್ತೆ ಕೆಲಸ ಹಿಡಿಯಿತು. ಪಿರಿಯಾಪಟ್ಟಣಕ್ಕೆ ಹೋದೆವು, ಬಂದೆವು, ಗಾಡಿ ಎಲ್ಲೂ ನಿಲ್ಲಲಿಲ್ಲ. ಹೊಂಗೆ ಮರ ಬಂತು, ಹೋಯಿತು. ನಾನು ಅದನ್ನು ಕತ್ತು ತಿರುಗಿಸಿ ನೋಡಿದೆ. ಅವರು ನೋಡಲಿಲ್ಲ. ನಾನು ಮಾತಾಡುತ್ತಲೇ ಇದ್ದೆ, ಅವರು ಹೂಂ ಅನ್ನುತ್ತಲೇ ಇದ್ದರು. ಮೊದಲು ಹೇಗಿತ್ತೋ ಹಾಗೇ. ಮೊದಲು ನನಗೆ ಅದು ಸಾಕಾಗುತ್ತಿತ್ತು ಎಂಬುದೇ ಈಗ ಆಶ್ಚರ್ಯವಾಗಿತ್ತು. ಬೇಸಿಗೆಯಲ್ಲಿ ಸಿಕ್ಕ ಗಂಡ ಎಲ್ಲಿ ಹೋದ ಎಂದು ಕಿಟಕಿಯ ಕಡೆ ತಿರುಗಿ ಒಮ್ಮೆ ಕಣ್ಣೊರೆಸಿಕೊಂಡೆ, ಧೂಳು ಅನ್ನಲು ಸಿದ್ಧಳಾಗಿದ್ದೆ. ಅವರು ಕೇಳಲಿಲ್ಲ.

ಮಿರ್ಲೆಯಲ್ಲೊಂದು ನಾಮಕರಣವಿತ್ತು. ಹೋಗುವಾಗ ನನಗೆ ತಡೆಯಲಾಗದೆ, "ಮಗಳ ಮನೆಗೆ ಹೋಗಿ ಸ್ವಲ್ಪ ದಿನ ಇದ್ದು ಬರ್ತೀನಿ. ನಿಮಗೇನು, ನಾನಿದ್ದರೂ ಒಂದೇ, ಇಲ್ಲದಿದ್ದರೂ ಒಂದೇ" ಅಂದೆ. ಅವರು ಹೂಂ ಅಂದರು. ಅಂದು ಸ್ವಲ್ಪ ದೂರ ಹೋದ ಮೇಲೆ ನನ್ನ ಕಡೆ ನೋಡಿದರು. ನನ್ನ ಮುಖದಲ್ಲಿ ಏನು ಕಂಡಿತೋ, ಗಾಡಿ ನಿಧಾನವಾಯಿತು, ಗದ್ದೆಯ ಪಕ್ಕ ಎಡಕ್ಕೆ ಸರಿದು ನಿಂತಿತು, ಎಂಜಿನ್ ಆಫ್ ಆಯಿತು. ಹರಿಯಾಣದ್ದೂ ಕೈಕೊಟ್ಟಿತು ಎಂದು ಮನಸ್ಸಿನಲ್ಲೇ ಡೆಲ್ಲಿಗೆ ಕೈ ಮುಗಿದೆ.

"ಏನಂದೆ ಈಗ?" ಅಂದರು ಯಜಮಾನರು.

ಅಂದದ್ದನ್ನೇ ಇನ್ನೊಮ್ಮೆ ಹೇಳಿದೆ.

ಅವರು ತುಂಬ ಹೊತ್ತು ಸ್ಟಿಯರಿಂಗನ್ನು ಟವೆಲಿನಿಂದ ಒರೆಸಿದರು. "ಇಲ್ದಿದ್ರೆ ಒಂದೇ ಅಲ್ಲ ಕಣೆ" ಅಂದರು. ಆಮೇಲೆ, ಕಳೆದ ವರ್ಷ ನಾನು ಮಗಳ ಬಾಣಂತನಕ್ಕೆಂದು ಹೋಗಿದ್ದಾಗ ಅವರು ದಿನಾ ಸಂಜೆ ಅಂಗಡಿ ಮುಚ್ಚಿ ಗಾಡಿಯಲ್ಲಿ ಬಂದು ಕೂರುತ್ತಿದ್ದರಂತೆ. ಮನೆಯೊಳಗೆ ಹೋಗಲು ಬೇಜಾರು ಅಂತ. ಇದನ್ನು ಹೇಳುವಾಗ ಅವರು ನನ್ನ ಕಡೆ ನೋಡಲಿಲ್ಲ, ಗದ್ದೆಯಲ್ಲಿ ನಾಟಿ ಮಾಡುವವರನ್ನೇ ನೋಡುತ್ತಿದ್ದರು. ನಾನೂ ಆ ಕಡೆಗೇ ನೋಡಿದೆ. ಅಷ್ಟರಲ್ಲಿ ಮಿರ್ಲೆಯವರ ಫೋನು ಬಂತು, ಶಾಮಿಯಾನ ಎಲ್ಲಿ ಅಂತ. ನಾನು ಹಿಂದೆಮುಂದೆ ನೋಡದೆ, "ದಾರೀಲಿ ಗಾಡಿ ನಿಂತೋಯ್ತು ಸ್ವಾಮಿ, ಮತ್ತೆ ಅದೇ ಇಸಿಎಂ" ಅಂದೆ. ಸುಳ್ಳು ಹೇಳುತ್ತಿದ್ದೇನೆಂದು ನನಗೆ ಗೊತ್ತಿರಲಿಲ್ಲ. ಯಜಮಾನರು ನನ್ನನ್ನು ತಡೆಯಲೂ ಇಲ್ಲ.

ಈ ಮಾತು ಮಿರ್ಲೆಯಿಂದ ಹೊರಟು ಯಾರ ಯಾರ ಬಾಯಲ್ಲಿ ಬಿತ್ತೋ, ಎರಡು ದಿನದೊಳಗೆ ಇಲಿಯಾಸ್ ಭಾಯ್ ಹುಣಸೂರಿನಿಂದ ಬಸ್ಸು ಹತ್ತಿ ನಮ್ಮ ಅಂಗಡಿ ಮುಂದೆ ಇಳಿದರು. ಬಗಲಲ್ಲಿ ಲ್ಯಾಪ್‌ಟಾಪ್, ಮುಖ ಊದಿಕೊಂಡಿತ್ತು. ಕಾಫಿ ಬೇಡ ಅಂದರು. "ನಾನು ಹಾಕಿದ್ ಇಸಿಎಂ ಹೋಯ್ತು ಅಂತ ಸಾಲಿಗ್ರಾಮದ್ ತನ್ಕ ಸುದ್ದಿ ಆಗ್ಬುಟ್ಟದೆ ಅಮ್ಮಾ. ನಾನು ಅಂಗಡಿ ಮುಚ್ಕಂಡು ಹೋಗ್ಲಾ?" ಅಂದರು. ವೈರು ಚುಚ್ಚಿದರು, ಪರದೆ ನೋಡಿದರು. ಯಾವ ದೋಷವೂ ಇಲ್ಲ. ಇನ್ನೊಮ್ಮೆ ನೋಡಿದರು, ಇಲ್ಲ. ಹಾಗಾದರೆ ಗಾಡಿ ಓಡಿಸಿ ನೋಡೋಣ ಎಂದು ಮೂವರೂ ಹತ್ತಿದೆವು. ಯಜಮಾನರು ಸ್ಟಿಯರಿಂಗಿನಲ್ಲಿ, ಇಲಿಯಾಸ್ ಭಾಯ್ ಲ್ಯಾಪ್‌ಟಾಪಿನೊಂದಿಗೆ ನಡುವೆ, ಕಿಟಕಿಯಲ್ಲಿ ನಾನು. ಮಿರ್ಲೆಯ ತನಕ ಹೋಗಿ ಬಂದೆವು. ಗಾಡಿ ನದಿ ಹರಿದಂತೆ ಓಡಿತು. ನಾನು ದಾರಿಯುದ್ದಕ್ಕೂ, ಇಲ್ಲೇ ನಿಂತದ್ದು, ಇಂಥ ಗದ್ದೆಯ ಹತ್ತಿರವೇ, ಬಿಸಿಲೂ ಹೀಗೇ ಇತ್ತು, ಎಂದು ಕೂಗಿ ಕೂಗಿ ಸಾಕ್ಷಿ ಹೇಳಿದೆ.

ವಾಪಸು ಬಂದು ಅಂಗಡಿಯ ಮುಂದೆ ನಿಂತಾಗ ಇಲಿಯಾಸ್ ಭಾಯ್, "ಗೌಡ್ರೇ, ಅಲ್ಲಾ ಮೇಲೆ ಆಣೆ ಇಟ್ಟು ಹೇಳ್ತೀನಿ, ಗಾಡೀಲಿ ಏನೂ ಇಲ್ಲ. ಅವತ್ತು ಅದು ಹೆಂಗೆ ನಿಂತ್ಕೊಂಡ್ತು, ನೀವೇ ಹೇಳಿ" ಅಂದರು. ಪಾಪ, ಕಣ್ಣಲ್ಲಿ ನೀರೇ ಬರುವಂತಿತ್ತು.

ಯಜಮಾನರು ಎಂಜಿನ್ ಆಫ್ ಮಾಡಿದರು. "ನಿಂತ್ಕೊಳ್ನಿಲ್ಲ. ನಾನೇ ನಿಲ್ಲಿಸ್ದೆ" ಅಂದರು.

"ಯಾಕೆ?"

"ಇವ್ಳು ಏನೋ ಅಂದ್ಲು. ಗಾಡಿ ಓಡ್ತಿದ್ರೆ ನಂಗೆ ಇವ್ಳ ಮಾತು ಒಂದೂ ಕೇಳ್ಸಾಕಿಲ್ಲ. ಈ ಸದ್ದಲ್ಲಿ ಮೊದ್ಲಿಂದ್ಲೂ ಕೇಳ್ಸಾಕಿಲ್ಲ. ಬಾಯಿ ಆಡೋದು ಕಾಣ್ತದೆ, ಹೂಂ ಅಂತೀನಿ. ಗಾಡಿ ಕೆಟ್ಟು ನಿಂತಾಗ ಕೇಳ್ಸದು, ಉತ್ರ ಹೇಳ್ತಿದ್ದೆ. ಈಗ ನಿಲ್ಲಾಕಿಲ್ವಲ್ಲ. ಅವತ್ತು ಮಕ ನೋಡ್ದೆ, ಏನೋ ಬ್ಯಾಸ್ರದ್ ಮಾತು ಅನ್ನುಸ್ತು. ಅದ್ಕೇ ಆಫ್ ಮಾಡ್ದೆ."

ಇಲಿಯಾಸ್ ಭಾಯ್ ಲ್ಯಾಪ್‌ಟಾಪ್ ಮುಚ್ಚಿದರು. ಒಮ್ಮೆ ಅವರನ್ನು, ಒಮ್ಮೆ ನನ್ನನ್ನು ನೋಡಿದರು. "ಇದು ನನ್ ಲೈನ್ ಅಲ್ಲ ಅಮ್ಮಾ" ಎಂದು ಇಳಿದು, ಈಗ ಒಂದು ಕಾಫಿ ಕೊಡಿ ಅಂದರು.

ಕಾಫಿ ಕಾಸುತ್ತ ನಾನು ಲೆಕ್ಕ ಹಾಕಿದೆ. ಎಷ್ಟು ವರ್ಷದ ಮಾತು, ಎಷ್ಟು ಹೂಂ. ನಿಮ್ಮವ್ವನ ಚಿನ್ನದ ಹಾರವನ್ನು ನಿಮ್ಮ ತಂಗಿಗೆ ಕೊಟ್ಟದ್ದು ತಪ್ಪಲ್ಲವಾ ಅಂದಾಗ ಬಂದ ಹೂಂ, ನನ್ನ ಕೈಯಡುಗೆ ಚೆನ್ನಾಗಿದೆಯಾ ಅಂದಾಗ ಬಂದ ಹೂಂ, ನಮ್ಮಪ್ಪ ತೀರಿಕೊಂಡ ವರ್ಷ ನಾನು ಹೇಳಿಕೊಂಡು ಅತ್ತದ್ದಕ್ಕೆಲ್ಲ ಬಂದ ಮೆತ್ತನೆಯ ಹೂಂ. ಆ ಒಂದೊಂದಕ್ಕೂ ನಾನು ಕೂತು ಅರ್ಥ ಬರೆದುಕೊಂಡು, ಅದರ ಮೇಲೆ ಸಂಸಾರ ಕಟ್ಟಿದ್ದೆ. ಸಿಟ್ಟು ಬರಬೇಕಾಗಿತ್ತು, ಬಂತು ಕೂಡ, ಹಾಲು ಉಕ್ಕುವ ತನಕ ಇತ್ತು. ಆಮೇಲೆ, ಚೆನ್ನಾಗಿ ಓಡುತ್ತಿರುವ ಗಾಡಿಯನ್ನು ನನ್ನ ಮುಖ ನೋಡಿ ನಿಲ್ಲಿಸಿದರಲ್ಲ ಎನ್ನುವುದು ಮನಸ್ಸಿಗೆ ಬಂದು ಒಲೆಯ ಮುಂದೆಯೇ ಅತ್ತುಬಿಟ್ಟೆ. ಅತ್ತೆಯ ಬಗ್ಗೆ ನಾನು ಆಡಿದ್ದೊಂದೂ ಅವರಿಗೆ ಕೇಳಿಸಿಲ್ಲ ಎನ್ನುವ ಸಮಾಧಾನವೂ ಅದರಲ್ಲಿ ಸ್ವಲ್ಪ ಬೆರೆತಿತ್ತು.

ಈಗ ಯಜಮಾನರು ಹೊಸ ಪದ್ಧತಿ ಮಾಡಿಕೊಂಡಿದ್ದಾರೆ. ಎಲ್ಲಿಗೆ ಹೋದರೂ ದಾರಿಯಲ್ಲಿ ನೆರಳು ನೋಡಿ ಗಾಡಿ ನಿಲ್ಲಿಸುತ್ತಾರೆ, ಕೀ ತೆಗೆದು ಜೇಬಿಗೆ ಹಾಕಿಕೊಳ್ಳುತ್ತಾರೆ, ನನ್ನ ಕಡೆ ತಿರುಗಿ ಕೂರುತ್ತಾರೆ. ಮೊದಲ ಸಲ ಹಾಗೆ ಕೂತು, "ಈಗ ಏಳು, ಕೇಳ್ತೀನಿ" ಅಂದರು. ನನಗೆ ಒಂದು ಮಾತೂ ಹೊಳೆಯಲಿಲ್ಲ. ಇಷ್ಟು ವರ್ಷ ಎಂಜಿನ್ನಿನ ಎದುರು ನಿರರ್ಗಳವಾಗಿ ಮಾತಾಡಿದವಳಿಗೆ, ಒಬ್ಬ ಮನುಷ್ಯ ಕಿವಿಗೊಟ್ಟು ಕೂತರೆ ನಾಚಿಕೆ. ಸೆರಗು ಸರಿ ಮಾಡಿಕೊಂಡೆ, ಕಿಟಕಿಯ ಹೊರಗೆ ನೋಡಿದೆ. ಅವರು ಕಾದರು. ಕೊನೆಗೆ, "ಟೊಮೇಟೊ ರೇಟು ಇಳಿದಿದೆಯಂತೆ" ಅಂದೆ.

ಅವರು ಅದನ್ನು ಪೂರ್ತಿ ಕೇಳಿಸಿಕೊಂಡರು.